ದರ್ಜಿ ತಾತ ಗಾಳಿಕಿಂಡಿಗೆ ಹೊಲಿದ ದಿಂಬು

ಹೊಸ ಮನೆಗೆ ಬಂದಾಗಿನಿಂದ ದರ್ಜಿ ತಾತನ ಮನೆಯಲ್ಲಿ ಎಲ್ಲರಿಗೂ ತಲೆನೋವು. ಮೊಮ್ಮಗಳಿಗಂತೂ ಬಿಡದ ಕೆಮ್ಮು. ಮನೆಯೇನೋ ಕರೆಂಟು ಉಳಿಸುವ 'ಹಸಿರು ಕಟ್ಟಡ', ಒಳಗಿದ್ದವರ ಮುಖ ಮಾತ್ರ ಹಳದಿ.

ಮಗಳು ಮಗುವಿನ ಬಟ್ಟೆ ಬ್ಯಾಗಿಗೆ ತುಂಬುತ್ತಿದ್ದಳು. "ಇವಳ ಕೆಮ್ಮು ನಿಲ್ಲೋ ತನಕ ಅತ್ತೆ ಮನೇಲಿ ಇರ್ತೀವಪ್ಪಾ."

ತಾತ ಬ್ಯಾಗಿನ ಮೇಲೆ ಕೈ ಅಡ್ಡ ಇಟ್ಟ. ಮೊಮ್ಮಗಳಿಲ್ಲದ ಮನೆ ಅವನಿಗೆ ಮನೆಯೇ ಅಲ್ಲ.

ಅಷ್ಟರಲ್ಲಿ ಈ ಮನೆಯ ನಕ್ಷೆ ಬರೆದ ಇಂಜಿನಿಯರ್, ತಾತನ ತಂಗಿಯ ಮಗಳು, ಒಳಗೆ ಬಂದಳು. ಮೂಗು ಮುಚ್ಚಿಕೊಂಡಳು. ತಲೆಯೆತ್ತಿದಳು.

"ಮಾವಾ, ಗಾಳಿಕಿಂಡಿಗೆಲ್ಲ ಏನು ತುರುಕಿದ್ದೀರಿ?"

"ದಿಂಬು. ಅಳತೆ ತೆಗೆದು ಹೊಲಿದದ್ದು."

"ಅಂಚಿಗೆ ಬಣ್ಣದ ಪಟ್ಟಿಯ ಪೈಪಿಂಗ್ ಬೇರೆ."

"ಕೆಲಸ ಅಂದ್ಮೇಲೆ ನೀಟಾಗಿರಬೇಕಮ್ಮ. ನೀನೇ ತಾನೆ ಹೇಳಿದ್ದು?" ತಾತ ಅವಳ ಹಾಗೇ ಮೂಗಿನ ಮೇಲೆ ಇಲ್ಲದ ಕನ್ನಡಕ ಮೇಲೇರಿಸಿ, ಥೇಟ್ ಅವಳ ದನಿಯಲ್ಲೇ ಶುರುಮಾಡಿದ: "'ನೋಡೀ ಮಾವಾ, ತಂಪು ಹೊರಗೆ ಸೋರಬಾರದು, ಕರೆಂಟು ಉಳೀಬೇಕು.' ನಾನೂ ಉಳಿಸಿದೆ."

ಮಗಳಿಗೆ ಬೇಡವೆಂದರೂ ನಗು ಬಂತು.

"ಸೋರಬಾರದು ಅಂದದ್ದು ಕಿಟಕಿ ಚೌಕಟ್ಟಿನ ಸಂದಿಗೆ ಮಾವ. ಸರಿ, ತೋಳಿಗೆ, ಕುತ್ತಿಗೆಗೆ ಜಾಗ ಬಿಡದೆ ಅಂಗಿ ಹೊಲಿದ್ರೆ?"

"ಅದು ಅಂಗಿಯಲ್ಲ, ದಿಂಬಿನ ಗವಸು."

"ನೀವೆಲ್ಲ ಈಗ ಗವಸಿನೊಳಗಿದ್ದೀರಿ. ಒಗ್ಗರಣೆ ಹೊಗೆ, ಹೊಸ ಬಣ್ಣದ ವಾಸನೆ, ತೇವ, ನಮ್ಮದೇ ಉಸಿರು, ಎಲ್ಲ ಇಲ್ಲೇ ಸುತ್ತುತ್ತೆ. ಕೆಳಗಿನ ಕಿಂಡಿ ಹೊಸ ಗಾಳಿ ತರೋಕೆ, ಎದುರು ಗೋಡೆಯಲ್ಲಿ ಎತ್ತರಕ್ಕಿರೋದು ಕೆಟ್ಟ ಗಾಳಿ ಹೊರಗೆ ಕಳಿಸೋಕೆ. ಕರೆಂಟು ಉಳಿಸೋದು ಹಸಿರು ಮನೆಯ ಅರ್ಧ ಕೆಲಸ. ಒಳಗಿರೋರು ಚೆನ್ನಾಗಿ ಉಸಿರಾಡೋದು ಇನ್ನರ್ಧ."

"ಧೂಳು, ಸೊಳ್ಳೆ ಬಂದ್ರೆ?"

"ಅದಕ್ಕೇ ಜಾಲರಿ ಹಾಕಿಸಿದ್ದು. ಆಗಾಗ ತೊಳೀರಿ, ಸಾಕು. ಒಲೆ ಹಚ್ಚಿದಾಗ ಹೊಗೆ ಎಳೆಯೋ ಫ್ಯಾನೂ ಹಾಕಿ. ಮಗೂನ ಡಾಕ್ಟರಿಗೆ ತೋರಿಸೋದು ಮಾತ್ರ ತಪ್ಪಿಸಬೇಡಿ."

ತಾತ ಸ್ಟೂಲ್ ಹತ್ತಿ ಮೇಲಿನ ದಿಂಬು ಕಿತ್ತ, ಇಳಿದು ಕೆಳಗಿನದನ್ನೂ ಕಿತ್ತ. ನಂಬಿಕೆ ಬಾರದೆ, ಕೆಳಗಿನ ಕಿಂಡಿಯೆದುರು ಒಂದು ನೂಲೆಳೆ ಹಿಡಿದ. ಎಳೆ ಮೆಲ್ಲಗೆ ಒಳಗೆ ವಾಲಿತು. ಮೊಮ್ಮಗಳು ಅದನ್ನು ಹಿಡಿಯಲು ಕೈ ಚಾಚಿದಳು.

"ಡಾಕ್ಟರ ಹತ್ರ ಹೋಗಿಬರೋಣ," ಎಂದಳು ಮಗಳು, ಬ್ಯಾಗಿನಿಂದ ಬಟ್ಟೆ ತೆಗೆಯುತ್ತಾ. "ಆಮೇಲೆ ಇಲ್ಲಿಗೇ ಬರ್ತೀವಿ."

ತಾತ ಆಗಲೇ ಚಪ್ಪಲಿ ಮೆಟ್ಟಿದ್ದ.

ಮನೆ ಕಟ್ಟುತ್ತಿರುವವರೇ, ಗಾಳಿ ಬರುವ ದಾರಿ, ಹೋಗುವ ದಾರಿ ಎರಡನ್ನೂ ನಕ್ಷೆಯಲ್ಲೇ ಕೇಳಿ ಬರೆಸಿಕೊಳ್ಳಿ. ಕಟ್ಟಿ ಕೂತವರೇ, ಇವತ್ತೊಮ್ಮೆ ತಲೆಯೆತ್ತಿ ನೋಡಿ. ಕಿಂಡಿಗೆ ಹಳೇ ರಟ್ಟು, ಕ್ಯಾಲೆಂಡರು ಅಡ್ಡ ಬಂದಿದ್ದರೆ ಈಗಲೇ ತೆಗೆಯಿರಿ. ನಿಮ್ಮ ಮನೆಯ ಪುಟ್ಟ ಮೂಗು ಆ ಗಾಳಿಗಾಗಿ ಕಾಯುತ್ತಿದೆ.