ಮಂಗಳ ಗ್ರಹದ ಬೇಸಿಗೆ

ಆಕಾಶವಾಣಿಯಲ್ಲಿ ತನ್ನ ಭಾಷಣ ಬರುವ ಹೊತ್ತಿಗೆ ಕಮಲಾಪುರದಲ್ಲಿ ಅಂಬಮ್ಮತ್ತೆಯ ಪಕ್ಕದಲ್ಲೇ ಕೂತು ಕೇಳಬೇಕೆಂದು ಜಯದೇವಿಗೆ ಆಸೆ. ತಾಯಿಯಿಲ್ಲದ ಅವಳನ್ನು ಕಲಬುರಗಿಯ ಕಾಲೇಜಿಗೆ ಸೇರಿಸಲು ತನ್ನ ಅಣ್ಣನ, ಅಂದರೆ ಅವಳ ಅಪ್ಪನ, ಜೊತೆ ಜಗಳವಾಡಿದವಳು ಈ ಸೋದರತ್ತೆಯೇ. ಈಗ ಜಯದೇವಿ ಸೇಡಂ ರಸ್ತೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಇದು ಅವಳ ಮೊದಲ ರೇಡಿಯೊ ಭಾಷಣ, ಮುಂಚೆಯೇ ಧ್ವನಿಮುದ್ರಣವಾಗಿತ್ತು. ವಿಷಯ, ಮಂಗಳ ಗ್ರಹದ ಹವಾಮಾನ. ಆದರೆ ೧೯೯೮ರ ಏಪ್ರಿಲ್‌ನ ಆ ಭಾನುವಾರ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ, ಅವಳು ಊರು ಮುಟ್ಟುವಷ್ಟರಲ್ಲಿ ಭಾಷಣ ಮುಗಿದೇಹೋಗಿತ್ತು.

ಸುಡುಬಿಸಿಲಿದ್ದರೂ ಓಣಿಯ ಯಾವ ಮಾಳಿಗೆಯ ಮೇಲೂ ಒಂದು ಸಂಡಿಗೆಯಿಲ್ಲ. ಅತ್ತೆಯ ಪಡಸಾಲೆಯಲ್ಲೋ, ಹಳೇ ಸೀರೆಗಳ ಮೇಲಿನ ಹಸಿ ಸಂಡಿಗೆ ಕಾಲಿಡಲು ಜಾಗವಿಲ್ಲದಂತೆ ಹರಡಿತ್ತು.

"ಅತ್ತಿ, ಇವೆಲ್ಲಾ ಯಾಕ ಒಳಗ ತಂದಿ?"

"ನೀನೇ ಹೇಳ್ದಿಯಲ್ಲವ್ವ! ಬ್ಯಾಸಗಿ ಬಂತಂದ್ರ ದೊಡ್ಡ ಧೂಳಿನ ಗಾಳಿ ಏಳ್ತದ, ಎಲ್ಲಾ ಮುಚ್ಚತದ ಅಂತ. ಹಾಲು ಕಾಸಿ ಬರೋದ್ರಾಗ ನಿನ್ನ ಭಾಷಣ ಅರ್ಧ ಆಗಿತ್ತು. ನಿನ್ನ ದನಿ ಕೇಳಿದ್ದೇ ಮಾಳಗಿ ಏರ್ದೆ. ಓಣಿ ಮಂದಿಗೆಲ್ಲಾ ಕೂಗಿ ಹೇಳೀನಿ."

"ಅಯ್ಯ, ಅದು ಇಲ್ಲಲ್ಲತ್ತಿ, ಮಂಗಳ ಗ್ರಹದಾಗ!"

ಅಂಬಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ನಗತೊಡಗಿದವಳು ಕಂಬಕ್ಕೆ ಒರಗಿ ಕೂತೇಬಿಟ್ಟಳು. ಭಾಷಣ ಹಾಳಾಯಿತೆಂದು ಅಳು ಬರುವಂತಿದ್ದ ಜಯದೇವಿಗೂ ನಗೆ ತಡೆಯಲಾಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಶೇವಂತಾ ಬಾಗಿಲಲ್ಲಿ ಇಣುಕಿ, "ಗಾಳಿ ಯಾವಾಗ ಬರ್ತದವ್ವ?" ಎಂದು ಕೇಳಿದಳು. ಇಬ್ಬರೂ ಮತ್ತೆ ಬಿದ್ದು ಬಿದ್ದು ನಕ್ಕರು.

ಗಾಳಿ ಬರೋದಿಲ್ಲವೆಂದು ಓಣಿಗೆಲ್ಲ ಕೂಗಿ ಹೇಳಿ, ಮೂವರೂ ಸೀರೆಗಳ ಅಂಚು ಹಿಡಿದು ಸಂಡಿಗೆಯನ್ನು ಜೋಪಾನವಾಗಿ ಮಾಳಿಗೆಗೆ ಸಾಗಿಸಿದರು.

"ಅಲ್ಲಿ ಮೋಡ ಬರ್ತಾವೇನ?" ಅಂಬಮ್ಮ ಕೇಳಿದಳು.

"ಬರ್ತಾವ. ತೆಳ್ಳಗ, ಹಿಂಜಿದ ಹತ್ತಿ ಹಂಗ. ಆದ್ರ ಮಳಿ ಇಲ್ಲ. ಧೂಳಿ ಎದ್ರ ಒಮ್ಮೊಮ್ಮೆ ತಿಂಗಳಗಟ್ಟಲೆ ಸೂರ್ಯ ಮಬ್ಬಾಗ್ತಾನ."

"ಶಿವನೇ! ಮತ್ತ ಅಲ್ಲಿನ ಮಂದಿ ಏನ್ ಮಾಡ್ತಾರ?"

"ಮಂದಿನೇ ಇಲ್ಲತ್ತಿ."

"ಛಲೋ ಆಯ್ತು ಬಿಡು," ಎಂದು ಅಂಬಮ್ಮ ನಿಟ್ಟುಸಿರು ಬಿಟ್ಟಳು. ಬೇವಿನ ನೆರಳು ಬಿದ್ದ ಮೂಲೆಯಲ್ಲಿ ಕೂತು, ಸೋದರಸೊಸೆಯನ್ನು ಕೈಹಿಡಿದು ಎಳೆದುಕೊಂಡಳು. "ಈಗ ಮೊದಲಿಂದ ಹೇಳು. ಅರ್ಧ ನಾ ಕೇಳೇ ಇಲ್ಲ."

ಸ್ಟುಡಿಯೊದಲ್ಲಿ ಹಾಳೆ ನೋಡಿ ತಡವರಿಸುತ್ತ ಓದಿದ್ದ ಜಯದೇವಿ ಇಲ್ಲಿ ಕೈಯಾಡಿಸುತ್ತ ಹೇಳತೊಡಗಿದಳು. ಪಕ್ಕದ ಮಾಳಿಗೆಗಳಲ್ಲಿ ಸಂಡಿಗೆ ಹರವುತ್ತಿದ್ದವರೂ ಒಬ್ಬೊಬ್ಬರಾಗಿ ಗೋಡೆಗೆ ಬಂದು ನಿಂತರು. ಊಟದ ಹೊತ್ತಾದರೂ ಅಂಬಮ್ಮ ಅವಳನ್ನು ಏಳಗೊಡಲಿಲ್ಲ.