ಹಗ್ಗದ ಮೊದಲನೆಯವಳ ಜಾಕೆಟ್

ಇಪ್ಪತ್ತೆರಡು ವರ್ಷದಿಂದ ನಾನು ಹರಿದ ಜಾಕೆಟ್‌ಗಳನ್ನು ರಿಪೇರಿ ಮಾಡುತ್ತಿದ್ದೇನೆ. ಬಾತುಕೋಳಿಯ ಎದೆಯ ನಯವಾದ ಪುಕ್ಕ ತುಂಬಿರುತ್ತಾರಲ್ಲ, ಆ ಡೌನ್ ಜಾಕೆಟ್‌ಗಳು. ಅವುಗಳ ಹೊಟ್ಟೆಯೊಳಗೆ ಏನಿದೆ ಎನ್ನುವುದು ಮಾರುವವನಿಗಿಂತ ನನಗೆ ಚೆನ್ನಾಗಿ ಗೊತ್ತು. ಹೀಗಿರುವಾಗ ನನ್ನ ಮಗಳು, ಜಾಕೆಟ್ ಕೊಳ್ಳಲು ಗೆಳತಿಯ ಜೊತೆ ಹೋಗಿಬರುತ್ತೇನೆ ಎಂದಳು ನೋಡಿ, ನನಗೆ ಮೈಯೆಲ್ಲ ಉರಿದುಹೋಯಿತು.

"ಮನೇಲಿ ನಾನು ಬದುಕಿದ್ದೀನಿ, ಗೆಳತಿ ಬಂದು ಆರಿಸ್ತಾಳಾ? ಚಪ್ಪಲಿ ಮೆಟ್ಕೋ, ನಡಿ" ಎಂದೆ.

ಮಗಳು ಹಿಮದ ಶಿಖರವೊಂದನ್ನು ಹತ್ತಲು ಆರು ಜನರ ತಂಡದಲ್ಲಿ ಹೊರಟಿದ್ದಳು. ಬರೀ ಹೊರಟಿದ್ದಲ್ಲ, ಹಗ್ಗ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಹತ್ತುವವಳು ಅವಳೇ. ಅವಳು ಮೇಲೆ ಹೋಗಿ ಹಗ್ಗ ಬಿಗಿದ ಮೇಲೇ ಉಳಿದವರು ಹೆಜ್ಜೆ ಇಡುವುದು. ಆ ಜಾಗಕ್ಕಾಗಿ ನಾಲ್ಕು ವರ್ಷ ಬೆವರು ಸುರಿಸಿದ್ದಳು. ಈ ವಿಷಯವನ್ನು ನಾನು ಬೀದಿಯಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದೆನೆಂದರೆ, ಪೇಪರ್ ಹಾಕುವವನು ನನ್ನನ್ನು ಕಂಡರೆ ಸೈಕಲ್ ತಿರುಗಿಸಿಕೊಂಡು ಹೋಗುತ್ತಿದ್ದ.

ಆದರೆ ತಂಡದ ಮುಖ್ಯಸ್ಥರದು ಒಂದು ಕಟ್ಟುನಿಟ್ಟು. ಮೊದಲು ಹತ್ತುವವರ ಬೆನ್ನಚೀಲ ಆರು ಕಿಲೋ ದಾಟಬಾರದು, ದಾಟಿದರೆ ಆ ಜಾಗ ಇನ್ನೊಬ್ಬರಿಗೆ. ಮಗಳ ಚೀಲ ಜಾಕೆಟ್ ಇಲ್ಲದೆಯೇ ಐದು ಕಿಲೋ ಆರುನೂರು ಗ್ರಾಂ ತೂಗುತ್ತಿತ್ತು. ಜಾಕೆಟ್ಟಿಗೆ ಉಳಿದದ್ದು ನಾನೂರು ಗ್ರಾಂ ಮಾತ್ರ.

ಅಂಗಡಿಯಲ್ಲಿ ಗೋಡೆಯ ಉದ್ದಕ್ಕೂ ಜಾಕೆಟ್‌ಗಳು ನೇತಾಡುತ್ತಿದ್ದವು. ಮಾರಾಟದ ಹುಡುಗ ಓಡಿಬಂದು, "ಮೇಡಂ, ಇದು ತುಂಬಾ ಬೆಚ್ಚಗಿರುತ್ತೆ, ಬಣ್ಣಾನೂ ಚೆನ್ನಾಗಿದೆ" ಎಂದು ಶುರುಹಚ್ಚಿಕೊಂಡ. ನಾನು ಆ ಜಾಕೆಟ್ಟಿನ ತೋಳನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟೆ. ಅದು ಹಿಂಡಿದ ಹಾಗೇ ಬಿದ್ದುಕೊಂಡಿತು.

"ಒಳ್ಳೆ ಪುಕ್ಕ ಆಗಿದ್ರೆ ಕೈ ಬಿಟ್ಟ ತಕ್ಷಣ ಉಬ್ಬಬೇಕಪ್ಪಾ. ಇದರಲ್ಲಿ ಅರ್ಧ ಗರಿ ಕಡ್ಡಿ ತುಂಬಿದ್ದಾರೆ" ಎಂದೆ. ಪಾಪ, ಹುಡುಗ ಪಕ್ಕಕ್ಕೆ ಸರಿದ.

ಒಂದೊಂದನ್ನೂ ಒಳಮೈ ಹೊರಗೆ ಮಾಡಿ, ಬೆಳಕಿಗೆ ಹಿಡಿದು, ಹೊಲಿಗೆ ಎಳೆದು ನೋಡಿದೆ. ಕೊನೆಗೆ ಒಂದು ಸಿಕ್ಕಿತು. ದಪ್ಪ ಬಟ್ಟೆ, ಗಟ್ಟಿ ಜಿಪ್ಪು. ಇಪ್ಪತ್ತೆರಡು ವರ್ಷದಲ್ಲಿ ಆ ಜಾತಿಯದು ಒಂದೇ ಒಂದೂ ಹರಿದು ನನ್ನ ಮೇಜಿಗೆ ಬಂದಿರಲಿಲ್ಲ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇ?

ಮಗಳು ಅದನ್ನು ಗಲ್ಲಾದ ಮೇಲಿದ್ದ ತಕ್ಕಡಿಗೆ ಹಾಕಿದಳು. ಏಳುನೂರು ಗ್ರಾಂ. ಆಮೇಲೆ ತಾನು ಆರಿಸಿದ್ದನ್ನು ಹಾಕಿದಳು. ಇನ್ನೂರ ತೊಂಬತ್ತು. ಅದರ ಬಟ್ಟೆ ಈರುಳ್ಳಿ ಸಿಪ್ಪೆಯ ಹಾಗಿತ್ತು.

"ನಿನಗೇನು ತಲೆ ಕೆಟ್ಟಿದೆಯಾ? ಈ ಬಟ್ಟೇದು ವಾರಕ್ಕೆ ಮೂರು ನನ್ನ ಹತ್ರ ಹರಿದು ಬರುತ್ತೆ. ಬಂಡೆಗೆ ತಾಗಿದ್ರೆ ಮುಗೀತು ಕಥೆ. ಆ ಚಳೀಲಿ ಪುಕ್ಕ ಎಲ್ಲ ಹಾರಿಹೋದ್ರೆ ಏನೇ ಹೊದ್ಕೋತೀಯಾ, ನಿನ್ನ ಹಟಾನಾ? ಈ ದಪ್ಪದ್ದು ಒಂದು ಸಲಾನೂ ಹರಿದಿಲ್ಲ, ಗೊತ್ತಾ?"

"ಹರಿದಿಲ್ಲ ಅಂತ ನಿಂಗೆ ಹೇಗಮ್ಮ ಗೊತ್ತು?"

"ನನ್ನ ಹತ್ರ ಬಂದೇ ಇಲ್ಲವಲ್ಲ!"

ಮಗಳು ಹುಡುಗನ ಕಡೆ ತಿರುಗಿ, "ಈ ದಪ್ಪದ್ದನ್ನ ಯಾರು ತಗೋತಾರೆ?" ಎಂದು ಕೇಳಿದಳು.

ಅವನು ನನ್ನ ಮುಖ ನೋಡಿ ತಡವರಿಸಿದ. "ಅದು... ಬೆಳಿಗ್ಗೆ ನಾಯಿ ಹಿಡ್ಕೊಂಡು ವಾಕಿಂಗ್ ಹೋಗೋರು ಮೇಡಂ."

"ಕೇಳಿಸ್ಕೊಂಡ್ಯಾ? ನಿನ್ನ ಮೇಜಿಗೆ ಬರೋವೆಲ್ಲ ಬೆಟ್ಟ ಹತ್ತಿ ಬಂದಿರೋವು ಅಮ್ಮ. ಬರದೇ ಇರೋವು ಬೀದಿ ತುದಿ ದಾಟಿಲ್ಲ" ಎಂದಳು ಮಗಳು.

ಇಷ್ಟು ವರ್ಷ ಹರಿದದ್ದನ್ನೇ ನೋಡಿ ನೋಡಿ, ಹರಿಯದೆ ಉಳಿದವು ಎಲ್ಲಿದ್ದವು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅದೂ ನನ್ನದೇ ಕಸುಬಿನಲ್ಲಿ, ನಾನು ಹೆತ್ತವಳ ಮುಂದೆ, ನಾಯಿ ವಾಕಿಂಗಿನ ಲೆಕ್ಕದಲ್ಲಿ ಸೋತಿದ್ದೆ. ಒಳಗೊಳಗೇ ಖುಷಿಯಾಗಿದ್ದೂ ನಿಜ, ಆದರೆ ತೋರಿಸಿಕೊಳ್ಳುತ್ತೇನೆಯೇ?

ಅವಳು ತೆಳುವಾದ ಜಾಕೆಟ್ ತೊಟ್ಟು, ಮನೆಯಿಂದ ತಂದಿದ್ದ ಹೆಲ್ಮೆಟ್, ಗ್ಲೌಸ್ ಹಾಕಿಕೊಂಡು ಮೇಲಿಂದ ಜಾಕೆಟ್ಟಿನ ಟೋಪಿ ಎಳೆದುಕೊಂಡಳು. ಎರಡೂ ಕೈ ಎತ್ತಿ, ಬಂಡೆ ಹಿಡಿದವಳಂತೆ ಮೈ ಚಾಚಿದಳು. ಸೊಂಟದ ಹತ್ತಿರ ಅಂಚು ಮೇಲೆ ಬರಲಿಲ್ಲ. ಗ್ಲೌಸ್ ಹಾಕಿಕೊಂಡೇ ಜಿಪ್ಪು ಎಳೆದು ನೋಡಿದಳು. ಕೊನೆಗೆ ಹೊಲಿಗೆಯ ಸಾಲುಗಳ ನಡುವೆ ಬೆರಳಿಟ್ಟು ಅಳೆದು, "ಪುಕ್ಕದ ಮನೆಗಳು ಚಿಕ್ಕಚಿಕ್ಕದಾಗಿವೆ. ಒಂದು ಹರಿದ್ರೂ ಪಕ್ಕದ್ದರ ಪುಕ್ಕ ಉಳಿಯುತ್ತೆ" ಎಂದಳು.

"ಇದನ್ನ ಯಾರು ಹೇಳಿಕೊಟ್ರು?"

"ಇನ್ಯಾರು? ನೀನೇ ತಾನೆ ದಿನಾ ಗೊಣಗ್ತಿದ್ದೆ."

ಆ ತೆಳುವಾದದ್ದನ್ನೇ ಕೊಂಡೆವು. ಆದರೆ ನನಗೆ ಸಮಾಧಾನವಾಗಲಿಲ್ಲ. ಹರಿದರೆ ಪಕ್ಕದ ಮನೆಯ ಪುಕ್ಕ ಉಳಿಯುತ್ತದೆ, ಸರಿ. ಹರಿದ ಮನೆಯದು? ಅಲ್ಲಿ ನಾನಿರುವುದಿಲ್ಲ, ನನ್ನ ಮೇಜಿರುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲೇ ನಮ್ಮ ರಿಪೇರಿ ಅಂಗಡಿ. ರಜಾದಿನವಾದ್ದರಿಂದ ಬಾಗಿಲು ಹಾಕಿತ್ತು, ಬೀಗದ ಕೈ ನನ್ನ ಹತ್ತಿರವೇ ಇತ್ತು. ಮಗಳನ್ನು ಒಳಗೆ ಕರೆದುಕೊಂಡು ಹೋಗಿ, ಜಾಕೆಟ್ಟನ್ನು ಮೇಜಿನ ಮೇಲೆ ಹರಡಿ, ಬ್ಲೇಡು ತೆಗೆದುಕೊಂಡು ತೋಳಿನ ಮೇಲೆ ಎರಡು ಬೆರಳಗಲ ಸೀಳಿಬಿಟ್ಟೆ.

"ಅಮ್ಮಾ!" ಎಂದು ಅವಳು ಕಿರುಚಿದಳು. "ಹೊಸದು! ಏನ್ ಮಾಡಿದೆ ನೀನು?"

"ಬಂಡೆ ನಿನ್ನನ್ನ ಕೇಳಿ ಸೀಳುತ್ತಾ? ಮುಚ್ಚು ಈಗ. ಗ್ಲೌಸ್ ಹಾಕ್ಕೊಂಡೇ ಮುಚ್ಚು. ಒಂದು ಹಿಡಿ ಪುಕ್ಕ ಹಾರಿದ್ರೂ ನೀನು ದಪ್ಪದ್ದೇ ತಗೊಂಡು ಹೋಗ್ಬೇಕು, ಹಗ್ಗದಲ್ಲಿ ಮೊದಲೋ ಕೊನೆಯೋ ನನಗೆ ಬೇಕಾಗಿಲ್ಲ."

ನಮ್ಮಲ್ಲಿ ಡೌನ್ ಜಾಕೆಟ್ ಬಿಚ್ಚುವ ಮೊದಲು ಕಿಟಕಿ ಮುಚ್ಚುತ್ತೇವೆ, ಫ್ಯಾನ್ ಆರಿಸುತ್ತೇವೆ, ಸೀನು ಬಂದರೂ ಮೂಗು ಹಿಡಿದುಕೊಂಡು ಹೊರಗೆ ಓಡುತ್ತೇವೆ. ಅವತ್ತು ನಾನು ಎದ್ದು ಫ್ಯಾನನ್ನು ಪೂರ್ತಿ ಜೋರಾಗಿ ಹಾಕಿದೆ. ಶಿಖರದ ಮೇಲೆ ಗಾಳಿ ಯಾರ ಮಾತು ಕೇಳುತ್ತದೆ?

ಮಗಳು ಒಂದು ಕ್ಷಣ ನನ್ನನ್ನೇ ದುರುಗುಟ್ಟಿ ನೋಡಿದಳು. ಕಣ್ಣಲ್ಲಿ ನೀರಿತ್ತು. ಆಮೇಲೆ ಗ್ಲೌಸ್ ತೊಟ್ಟು, ಸೀಳನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಗಾಳಿಗೆ ಬೆನ್ನು ಮಾಡಿ, ಜಾಕೆಟ್ಟನ್ನು ತೊಡೆಗಳ ನಡುವೆ ಇಟ್ಟುಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತಳು. ಹೊರಗೆ ಇಣುಕಿದ ಪುಕ್ಕವನ್ನು ಕೀಳಲಿಲ್ಲ. ಕಿತ್ತರೆ ಹಿಂದಿನವು ಸಾಲಾಗಿ ಬರುತ್ತವೆ. ಒಳಗಿನ ಕಡೆಯಿಂದ ಚಿವುಟಿ ಹಿಂದಕ್ಕೆ ಎಳೆದುಕೊಂಡಳು. ಮೇಜಿನ ಮೇಲಿಂದ ಅಂಟುಪಟ್ಟಿ ಎಳೆದುಕೊಂಡು ಕತ್ತರಿಸಿ, ಅದರ ಕಾಗದವನ್ನು ಹಲ್ಲಿನಿಂದ ಸುಲಿದಳು. ಪಟ್ಟಿಯನ್ನು ಸೀಳಿನ ಮೇಲೆ ಒತ್ತಿ, ಆ ತೋಳನ್ನು ತನ್ನ ಅಂಗಿಯೊಳಗೆ, ಹೊಟ್ಟೆಯ ಬಿಸಿಗೆ ತಾಗಿಸಿ ಇಟ್ಟುಕೊಂಡು ಕುಳಿತಳು. ಅಂಟು ಬಿಸಿಗೇ ಹಿಡಿಯುವುದು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಇಲ್ಲಿ ನಮಗೆ ಇಸ್ತ್ರಿಪೆಟ್ಟಿಗೆ ಇದೆ, ಹೊಟ್ಟೆಯ ಬಿಸಿ ಯಾರಿಗೆ ಹೊಳೆಯುತ್ತದೆ?

ಫ್ಯಾನ್ ಆರಿಸಿ ನೆಲವೆಲ್ಲ ಹುಡುಕಿದೆ. ಮೇಜಿನ ಕೆಳಗೆ, ಹೊಲಿಗೆ ಯಂತ್ರದ ಹಿಂದೆ, ಕಿಟಕಿಯ ಸಂದಿಯಲ್ಲಿ. ಸಿಕ್ಕಿದ್ದು ಮೂರೇ ಪುಕ್ಕ.

ಪಟ್ಟಿ ಸ್ವಲ್ಪ ಸೊಟ್ಟಗಿತ್ತು. ನನ್ನ ಕೈಕೆಳಗೆ ಕೆಲಸ ಮಾಡುವವರು ಅಂಟಿಸಿದ ಪಟ್ಟಿಯನ್ನೆಲ್ಲ ನಾನು ಉಗುರಿನಿಂದ ಕೆರೆದು ನೋಡುತ್ತೇನೆ. ಹತ್ತರಲ್ಲಿ ಏಳು ಎದ್ದು ಬರುತ್ತವೆ, ಬೈಸಿಕೊಂಡು ಮತ್ತೆ ಮಾಡುತ್ತಾರೆ. ಇವಳು ಪಟ್ಟಿಯನ್ನು ದುಂಡಗೆ ಕತ್ತರಿಸಿದ್ದಳು, ಉಗುರಿಗೆ ಮೂಲೆಯೇ ಸಿಗಲಿಲ್ಲ. ಸುತ್ತಲೂ ಕೆರೆದೆ. ಬರಲಿಲ್ಲ. ಬೇಕೆಂದೇ ಇನ್ನೊಂದು ಸಲ ಕೆರೆದೆ. ಊಹ್ಞೂಂ.

ಹೆಮ್ಮೆಯಿಂದ ನನ್ನ ಎದೆ ಒಡೆದುಹೋಗುತ್ತದೇನೋ ಅನ್ನಿಸಿತು. ಇಷ್ಟು ದಿನ ಬೀದಿಯಲ್ಲಿ ಕೊಚ್ಚಿಕೊಂಡದ್ದು ಯಾರೋ ಹೇಳಿದ್ದನ್ನು ಕೇಳಿ, ಇದು ನನ್ನ ಉಗುರಿಗೇ ಗೊತ್ತಾದದ್ದು.

"ಸೊಟ್ಟಗಾಗಿದೆ. ನೀನೇ ತೆಗೆದು ನೀಟಾಗಿ ಹಾಕ್ಕೊಡಮ್ಮ" ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ.

"ನಾನ್ಯಾಕೆ ಮುಟ್ಟಲಿ? ಹೀಗೇ ಹಾಕ್ಕೊಂಡು ಹೋಗು" ಎಂದೆ. "ಹೋಗಿ ಎಲ್ಲರಿಗಿಂತ ಮೊದಲು ಹತ್ತು."

"ಹೊಸ ಜಾಕೆಟ್ ಕುಯ್ದಿದ್ದಕ್ಕೆ ತಪ್ಪಾಯ್ತು ಅಂತಾನಾದ್ರೂ ಹೇಳು."

"ಹೇಳಲ್ಲ ಹೋಗೇ" ಎಂದೆ. ಅವಳನ್ನು ಎಳೆದು ತಬ್ಬಿಕೊಂಡೆ. ಮಧ್ಯದಲ್ಲಿ ಸಿಕ್ಕಿಕೊಂಡ ಜಾಕೆಟ್ ಇಬ್ಬರಿಗೂ ಬೆಚ್ಚಗಿತ್ತು.