ಪಂಪ್‌ಹೌಸ್ ಗೋಡೆಯ ನಾಮದ ಕೋಳಿ

ನೀಲಾಂಬಿಕಾ ಯಾವ ಹಕ್ಕಿಯನ್ನೂ ಅದರ ಅಳತೆಗಿಂತ ದೊಡ್ಡದಾಗಿ ಬರೆದವಳಲ್ಲ. ಕಣ್ಣಾರೆ ಕಾಣದ್ದನ್ನು ಬರೆದವಳೂ ಅಲ್ಲ. ಪಕ್ಷಿಪುಸ್ತಕಗಳಿಗೆ ಚಿತ್ರ ಬರೆದು ಹೆಸರು ಮಾಡಿದ ಮೇಲೂ ಗದಗದ ಈ ಹೆಣ್ಣುಮಗಳು ಚಿಕ್ಕಬಾಣಾವರದ ಅಂಚಿನಲ್ಲಿ, ಪಿಳ್ಳಮ್ಮನ ವಠಾರದ ಮೇಲಿನ ಕೋಣೆಯನ್ನು ಬಿಡಲಿಲ್ಲ. ಕಿಟಕಿಯ ಕೆಳಗೇ ಕೆರೆ ಇತ್ತು.

ಆ ಬೇಸಿಗೆ ಕೆರೆಯ ಮೂಲೆಯ ಜೊಂಡಿನಲ್ಲಿ ನಾಮದ ಕೋಳಿಗಳು ಗೂಡು ಕಟ್ಟಿ ಮೊಟ್ಟೆ ಇಟ್ಟಿದ್ದವು: ಕಪ್ಪು ಮೈ, ಹಣೆಯ ಮೇಲೆ ಬಿಳಿ ನಾಮ. ಅದೇ ಮೂಲೆಗೆ ಪಿಳ್ಳಮ್ಮ ತನ್ನ ಹಳೆಯ ಮನೆ ಕೆಡವಿದ ಮಣ್ಣು, ಇಟ್ಟಿಗೆಯನ್ನು ಟ್ರ್ಯಾಕ್ಟರಿನಲ್ಲಿ ತಂದು ಸುರಿಸುತ್ತಿದ್ದಳು. ರಾಶಿ ದಿನೇದಿನೇ ಗೂಡಿನ ಕಡೆಗೆ ಜರುಗುತ್ತಿತ್ತು. ನೀಲಾಂಬಿಕಾ ಪುರಸಭೆಗೆ ಅರ್ಜಿ ಕೊಟ್ಟಳು. ಸಾಹೇಬರು ಬಂದು ನೋಡಿ, ‘ಕಸ ಹಾಕಬಾರದು’ ಎಂಬ ಬೋರ್ಡು ನೆಡಿಸಿ ಹೋದರು. ವಾರದೊಳಗೆ ಬೋರ್ಡೂ ಇಟ್ಟಿಗೆಯಡಿ ಸೇರಿತು.

ಬೇರೆ ದಾರಿ ಕಾಣದೆ ಅವಳು, ಕೆರೆ ಸಮಿತಿಯವರ ಒಪ್ಪಿಗೆ ಪಡೆದು, ರಾಶಿಯ ಪಕ್ಕದ ಪಂಪ್‌ಹೌಸ್ ಗೋಡೆಯ ಮೇಲೆ ಆ ಜೋಡಿಯನ್ನೂ ಗೂಡನ್ನೂ ಬರೆದಳು.

ಪಿಳ್ಳಮ್ಮ ಎಲೆಅಡಿಕೆ ಜಗಿಯುತ್ತ ಬಂದು ನಿಂತಳು.

“ಏನವ್ವಾ, ಇಷ್ಟುದ್ದ ಗೋಡೆ ಸಿಕ್ಕೈತೆ, ಒಂದು ಉಲಿ ಬರೀಬಾರ್ದಾ? ಕೋಳಿ ಬರ್ದಿದ್ದೀಯಲ್ಲ!”

“ಈ ಕೆರಿಯಾಗ ಹುಲಿ ಎಲ್ಲೈತ್ರೀ ಅಮ್ಮಾರ? ಇರೋದು ಇದೇ ನೋಡ್ರಿ.”

“ನಾಮ ನೋಡು, ಥೇಟ್ ನಮ್ ಯಜಮಾನ್ರಂಗೇ!” ಎಂದು ಪಿಳ್ಳಮ್ಮ ನಕ್ಕಳು. ಟ್ರ್ಯಾಕ್ಟರು ಮಾತ್ರ ನಿಲ್ಲಲಿಲ್ಲ.

ಸಂಜೆ ಊರ ದೇವಸ್ಥಾನದಲ್ಲಿ ಕುಳಿತಿದ್ದಾಗ ನೀಲಾಂಬಿಕಾಳ ಕಣ್ಣು ಮೇಲಕ್ಕೆ ಹೋಯಿತು. ಟ್ಯೂಬ್‌ಲೈಟಿನ ಮೈತುಂಬ ‘ದಾನಿಗಳು: ಶ್ರೀಮತಿ ಪಿಳ್ಳಮ್ಮ ಮತ್ತು ಕುಟುಂಬದವರು’ ಎಂದು ಬರೆಸಿದ್ದರಿಂದ ಬೆಳಕು ಹೊರಗೆ ಬರಲು ಜಾಗವೇ ಇರಲಿಲ್ಲ. ಫ್ಯಾನಿನ ರೆಕ್ಕೆಗಳ ಮೇಲೂ ಅದೇ. ಪಿಳ್ಳಮ್ಮ ಸ್ಟೂಲು ಹತ್ತಿ, ಹೆಸರಿನ ಮೇಲಿನ ದೂಳನ್ನು ಸೆರಗಿನಿಂದ ಒರೆಸುತ್ತಿದ್ದಳು.

ಮರುದಿನ ಬೆಳಗ್ಗೆ ಗೋಡೆಯ ಗೂಡಿನ ಕೆಳಗೆ ದಪ್ಪ ಅಕ್ಷರದ ಸಾಲೊಂದಿತ್ತು: ‘ಈ ಗೂಡಿನ ಪೋಷಕರು: ಶ್ರೀಮತಿ ಪಿಳ್ಳಮ್ಮ ಮತ್ತು ಕುಟುಂಬದವರು.’

ವಾಕಿಂಗ್ ಬಂದವರು ನಿಂತು ಓದಿದರು. ಕೆಲವರು ಪಿಳ್ಳಮ್ಮನಿಗೆ ಕೈಮುಗಿದರು. ಅಷ್ಟರಲ್ಲಿ ಅವಳ ಮಗ ಮನು ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ನಿಲ್ಲಿಸಿದ.

“ಲೋ, ತಡ್ಯೋ! ನನ್ನೆಸ್ರಿನ್ ಮುಂದೇನೇ ಸುರೀತೀಯೇನೋ?”

“ನೀನೇ ಯೋಳಿದ್ದಲ್ಲಮ್ಮ, ಸುರಿ ಅಂತ!”

“ಈಗ್ಲೂ ನಾನೇ ಯೋಳ್ತಿರೋದು. ವಾಪಸ್ ತಗೊಂಡೋಗು. ಮೊದ್ಲು ಸುರ್ದಿದ್ದೂ ತುಂಬ್ಕೋ.”

“ಜನ ನಗ್ತಾರೆ ಕಣಮ್ಮ.”

“ನಗೋದು ಸುರುದ್ರೆ ಕಣೋ, ಮಂಕುಮುಂಡೇದೇ!”

ಜೆಸಿಬಿ ಬಂತು. ಇಟ್ಟಿಗೆಯ ರಾಶಿ ಬಂದ ದಾರಿಯಲ್ಲೇ ಹೋಯಿತು. ಅದನ್ನು ಕಂಡು ಆಚೆ ದಡದ ಕಟ್ಟಡಗಳ ಮಾಲೀಕ ಮುನಿಕೃಷ್ಣ ನೀಲಾಂಬಿಕಾಳನ್ನು ಹುಡುಕಿಕೊಂಡು ಬಂದ.

“ಆಯಮ್ಮಂಗೆ ಮಾತ್ರ ಕೋಳಿ, ನಮ್ ಮನೆತನಕ್ಕೇನೂ ಇಲ್ವಾ ಮೇಡಂ?”

“ನಿಮ್ಮ ಕಡಿ ಕಾಲುವಿ ಮ್ಯಾಲೆ ಮೊದಲೆಲ್ಲ ಮಿಂಚುಳ್ಳಿ ಕೂಡತಿತ್ತರಿ. ಬಿಲ್ಡಿಂಗಿನ ಹೊಲಸು ನೀರು ಬಂದ್ ಮಾಡ್ರಿ. ಅದು ತಿರುಗಿ ಬಂದ್ರ ಬರೀತೀನಿ.”

“ಅದು ಬರ್ದೇ ಹೋದ್ರೆ?”

“ಗೋಡಿ ಮ್ಯಾಲೆ ಪಿಳ್ಳಮ್ಮಾರ ಹೆಸರೊಂದೇ ಇರತೈತಿ.”

ಆ ವಾರವೇ ಮುನಿಕೃಷ್ಣನ ಕೊಳವೆಗಳು ಒಳಚರಂಡಿಗೆ ತಿರುಗಿದವು. ಕಾಲುವೆಯ ನೀರು ತಿಳಿಯಾಯಿತು, ಮೀನಾಯಿತು, ಮಿಂಚುಳ್ಳಿಯೂ ಬಂತು. ತಮ್ಮ ಕಡೆಯ ದಡ ಶುಚಿಮಾಡಿ ಹಕ್ಕಿ ಕೇಳಲು ಬಂದ ಊರಿನ ಮನೆತನಗಳಿಗೆ ಮಳೆಗಾಲಕ್ಕೆ ಮೊದಲೇ ಗೋಡೆಯಲ್ಲಿ ಜಾಗ ಸಾಲದಾಯಿತು.

ಒಂದು ಮುಂಜಾನೆ ಜೊಂಡಿನೊಳಗಿನಿಂದ ನಾಮದ ಕೋಳಿ ಹೊರಬಂತು. ಹಿಂದೆ ಕೆಂಪು ತಲೆಯ ಮರಿಗಳು, ಒಂದನ್ನೊಂದು ತಳ್ಳುತ್ತ. ಪಿಳ್ಳಮ್ಮ ಏರಿಯ ಮೇಲೆ ನಿಂತು ಬಂದುಹೋಗುವವರನ್ನು ಗದರಿಸುತ್ತಿದ್ದಳು:

“ಮೆಲ್ಲಗೆ ಮಾತಾಡ್ರೀ, ನಮ್ ಮರಿಗಳು ಬೆದರ್ತಾವೆ!”

ನೀಲಾಂಬಿಕಾ ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ತೆಗೆದಳು.